ಫೋನಿನ ಪ್ರೊಫೆಸರು

ಫೋನು ಹೊಡೆದುಕೊಂಡಾಗ ಅವಳ ಎರಡೂ ಕೈಗೆ ಸೋಪಿನ ನೊರೆ ಮೆತ್ತಿತ್ತು. ಒರೆಸಿಕೊಳ್ಳುತ್ತಲೇ ಓಡಿದಳು. ಗುರುತಿಲ್ಲದ ನಂಬರು. ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲ ಕಡೆ ನಡೆದರು, ಬಾಗಿಲು ಮುಂದಕ್ಕೆಳೆದುಕೊಂಡರು.

“ಕೀಟಶಾಸ್ತ್ರ ವಿಭಾಗದಿಂದ ಮಾತಾಡ್ತಿರೋದು. ಸಂದರ್ಶನ ಶುರು ಮಾಡೋಣವೇ?”

ಗಡುಸು ದನಿ. ಹಿಂದೆ ಒಂದಿಷ್ಟೂ ಸದ್ದಿಲ್ಲ. ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

ಇದು ಮೂರನೆಯ ವರ್ಷ. ಎಂ.ಎಸ್ಸಿ. ಸೀಟಿಗೆ ಬರೆಯುವ ಪರೀಕ್ಷೆಯಲ್ಲಿ ಹಿಂದಿನ ಎರಡು ಸಲವೂ ಪಾಸು, ಸಂದರ್ಶನದಲ್ಲಿ ಎರಡು ಸಲವೂ ಮೂಕಿ. ಮೊದಲ ವರ್ಷ ತುಂಬು ಬಸುರಿ. ಮೇಷ್ಟ್ರುಗಳೆದುರು ಕೂತು ಬರೀ ಬೆವರಿದ್ದಳು. ಮರುವರ್ಷ ಹೊರಗೆ ಮಗು ಅಳುತ್ತಿತ್ತು, ಒಳಗೆ ಇವಳು ಅತ್ತಿದ್ದಳು. ಈ ಸಲ ಸಿಗದಿದ್ದರೆ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ ಯಾವುದಾದರೂ ಅಂಗಡಿಯ ಕೆಲಸಕ್ಕೆ ಸೇರುವುದೆಂದು ತನ್ನಷ್ಟಕ್ಕೇ ತೀರ್ಮಾನ ಮಾಡಿ ಆಗಿತ್ತು. ಅತ್ತೆಗೆ ಮಾತ್ರ ಅದು ಒಪ್ಪಿಗೆಯಿರಲಿಲ್ಲ. “ನೀನು ಓದು. ಮಗೂನ ನಾನು ನೋಡ್ಕೋತೀನಿ” ಎನ್ನುತ್ತಿದ್ದರು.

ಈ ವರ್ಷದ ಸಂದರ್ಶನ ಫೋನಿನಲ್ಲಿ. ಬುಧವಾರ ಹತ್ತರಿಂದ ಹನ್ನೊಂದರ ಒಳಗೆ ಎಂದು ತಿಳಿಸಿದ್ದರು. ಹಾಗೆ ತಿಳಿಸಿದ ದಿನದಿಂದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ದಿನಕ್ಕೊಂದು ಸಲ ಪ್ರೊಫೆಸರಾದ. ಜೊತೆಯವರ ಫೋನು ಇಸಕೊಂಡು ಕರೆ ಮಾಡುವನು. ಒಂದು ದಿನ ಮೂಗಿನಲ್ಲಿ ಮಾತು, ಒಂದು ದಿನ ಮುದುಕನ ಕೆಮ್ಮು, ಒಂದು ದಿನ ಹೆಂಗಸಿನ ದನಿ. ಹಿಂದೆ ಸುತ್ತಿಗೆ ಬಡಿತ. ಅವಳು ನಗುತ್ತ ನಗುತ್ತಲೇ ಎಲ್ಲ ಪ್ರಶ್ನೆಗೂ ಉತ್ತರ ಕೊಡುವಳು.

“ಇವನಿಗೆ ಸಂಬಳ ಕೊಡೋದು ಗಾಡಿ ರಿಪೇರಿಗೋ, ನಾಟಕಕ್ಕೋ” ಎಂದು ಅತ್ತೆ ಗೊಣಗುವರು.

ಇವತ್ತೇ ಆ ಬುಧವಾರ. ಬೆಳಿಗ್ಗೆ ಹೊರಡುವಾಗಲೂ ಅವನು ಹೇಳಿ ಹೋಗಿದ್ದ: “ಹೆದರಬೇಡ ಕಣೇ. ಎಲ್ಲ ಮುಗಿದ ಮೇಲೆ ನಮ್ಮ ಮುದುಕ ಪ್ರೊಫೆಸರು ಫೋನ್ ಮಾಡಿ ವಿಚಾರಿಸ್ಕೋತಾರೆ.”

ಗಡುಸು ದನಿ ಕೇಳಿತು: “ಕೀಟದ ದೇಹದ ಭಾಗಗಳನ್ನ ಹೇಳಿ.”

“ತಲೆ... ಎದೆ...” ಹೊಟ್ಟೆ ಎಂಬುದು ಬಾಯಿಗೇ ಬರಲಿಲ್ಲ.

“ಈ ವಿಷಯವೇ ಯಾಕೆ ಬೇಕು?”

“ಅದು... ಮನುಷ್ಯನಿಗೆ ಉಪಯುಕ್ತವಾದ...”

“ಸರಿ. ತಿಳಿಸ್ತೀವಿ.” ಕರೆ ಕಡಿಯಿತು.

ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅತ್ತೆ ಒಳಗೆ ಬಂದು ಮುಖ ನೋಡಿದರು, ಮಗುವನ್ನು ಅವಳ ತೊಡೆ ಮೇಲೆ ಇಟ್ಟರು.

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮತ್ತೆ ಫೋನು. ಮತ್ತೊಂದು ಗುರುತಿಲ್ಲದ ನಂಬರು. ಈ ಸಲ ನಿಧಾನದ, ಕೆಮ್ಮು ಬೆರೆತ ಮುದಿ ದನಿ.

“ನಮಸ್ಕಾರ. ನಾನು ಕೀಟಶಾಸ್ತ್ರ ವಿಭಾಗದ...”

“ಗೊತ್ತು, ಗೊತ್ತು. ಎಲ್ಲ ಮುಗೀತು ಬಿಡಿ.”

“ಮುಗೀತಾ? ಇನ್ನೂ ಶುರುವೇ ಆಗಿಲ್ವಲ್ಲಮ್ಮ.”

“ನಿಮಗೆ ಯಾವಾಗ್ಲೂ ತಮಾಷೆ. ಏನಿವತ್ತು, ಹಿಂದೆ ಸದ್ದೇ ಇಲ್ಲ? ಕಕ್ಕಸಿನಲ್ಲಿ ಕೂತು ಮಾಡ್ತಿದ್ದೀರಾ?”

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. “ಇಲ್ಲ, ನನ್ನ ಕೋಣೆಯಲ್ಲೇ ಇದ್ದೀನಿ. ಒಂದು ಪ್ರಶ್ನೆ ಕೇಳಬಹುದಾ? ಕೀಟಗಳೇ ಯಾಕೆ?”

ಅವಳಿಗೆ ರೇಗಿತು. ರೇಗಿದ್ದಕ್ಕೇ ನಾಲಿಗೆ ಬಿಚ್ಚಿಕೊಂಡಿತು.

“ಯಾಕೇಂತ ನಿಮಗೆ ನೂರು ಸಲ ಹೇಳಿದ್ದೀನಿ. ಮಗಳ ಬಾಟ್ಲಿ ತೊಳೀತಾ ತೊಳೀತಾ ಈ ಗೋಡೆ ಮೇಲಿನ ಇರುವೆ ಸಾಲು ನೋಡ್ತಾನೇ ಇದ್ದೀನಿ. ನಡುವೆ ಸೋಪು ನೀರಲ್ಲಿ ಒರೆಸಿದ್ರೆ ಎರಡು ಕಡೆಯವೂ ನಿಂತುಬಿಡ್ತವೆ. ಗುಂಪು ಕಟ್ತವೆ, ಹಿಂದೆ ಹೋಗ್ತವೆ, ಬರ್ತವೆ. ಆಮೇಲೆ ಯಾವುದೋ ಒಂದು ಒದ್ದೆ ಮೇಲೇ ದಾಟಿಬಿಡತ್ತೆ. ಅದೇ ಯಾಕೆ? ವಾಸನೆ ಹಿಡಿದು ಹೋಗ್ತವೆ ಅಂತ ಪುಸ್ತಕದಲ್ಲಿದೆ. ಅಳಿಸಿದ ಜಾಗದಲ್ಲಿ ಮೊದಲ ಕಾಲು ಇಡೋದಕ್ಕೆ ಯಾವ ವಾಸನೆ ಇತ್ತು? ನನಗೆ ಅದು ಗೊತ್ತಾಗ್ಬೇಕು, ಅಷ್ಟೇ.”

“ಗುರುತು ಹಾಕಿ ನೋಡಿದ್ದೀರಾ?” ದನಿಯಲ್ಲಿ ನಿಧಾನ ಹೋಗಿತ್ತು.

“ಹಾಕಿದೆನಲ್ಲ, ನೀವು ತಂದುಕೊಟ್ಟ ಪೇಂಟಲ್ಲೇ, ಸೂಜಿ ತುದಿಯಲ್ಲಿ. ಮಾರನೇ ದಿನವೂ ಮೊದಲು ದಾಟಿದ್ದು ಅದೇ ಇರುವೆ. ಅದರ ಮಾರನೇ ದಿನ ನಿಮ್ಮಮ್ಮ ಗೋಡೆಗೆ ಇರುವೆ ಪುಡಿ ಹಾಕಿಬಿಟ್ರು.”

ಆ ಕಡೆಯಿಂದ ಜೋರು ಕೆಮ್ಮು ಬಂತು. ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು.

“ಸೀಟು ನಿಮ್ಮದು ಅಂದ್ಕೊಳ್ಳಿ. ಒಂದನೇ ತಾರೀಕು ಬಂದು ಸೇರ್ಕೊಳ್ಳಿ. ಆ ಗೋಡೆಗೆ ಮಾತ್ರ ಇನ್ನು ಪುಡಿ ಹಾಕೋಕೆ ಬಿಡಬೇಡಿ.”

“ಆಗ್ಲಿ. ಬರೋವಾಗ ಅರ್ಧ ಲೀಟರ್ ಹಾಲು ತನ್ನಿ” ಎಂದು ಫೋನು ಇಟ್ಟಳು. ಸುಳ್ಳು ಸೀಟಾದರೂ ಒಂದು ಗಳಿಗೆ ಎದೆ ಹಗುರಾಗಿತ್ತು. ಹಗುರಾದದ್ದಕ್ಕೆ ಮತ್ತೆ ಅಳು ಬಂತು.

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಬಾಗಿಲಲ್ಲೇ ನಿಂತ. ಕೈ ತುಂಬ ಗ್ರೀಸು, ಮುಖದ ತುಂಬ ಕಳ್ಳತನ.

“ಬೈಯೋದಾದ್ರೆ ಬೈದುಬಿಡು. ಬೆಳಿಗ್ಗೆ ಗಡುಸಾಗಿ ಮಾತಾಡಿದ್ದು ನಾನೇ. ಗಿರಾಕಿ ಕಾರಿನ ಗಾಜು ಏರಿಸ್ಕೊಂಡು ಒಳಗೆ ಕೂತು ಮಾಡ್ದೆ. ನೀನು ನಿಜಾಂತ ನಂಬಿ ಒಂದು ಸಲ ಹೆದರಿ ಮುಗಿಸಿಬಿಟ್ರೆ, ಆಮೇಲೆ ಹೆದರೋದಕ್ಕೆ ಏನೂ ಉಳಿಯೊಲ್ಲ ಅಂದ್ಕೊಂಡೆ. ತಕ್ಷಣ ಹೇಳೋಣ ಅಂದ್ರೆ ಮಾಲೀಕ ಬಂದು ತಲೆ ಮೇಲೇ ನಿಂತ.”

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಯೋಚಿಸಿ ಮತ್ತೆ ಎತ್ತಿಕೊಂಡರು. “ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ ಅವಳು. ಬುದ್ಧಿ ಅನ್ನೋದು ಇದೆಯೇನೋ ನಿನಗೆ?”

“ಹೆದರಿಸಿದ್ದು ಸಾಲದು ಅಂತ” ಎಂದಳು ಅವಳು, “ಆಮೇಲೆ ಮುದುಕನ ದನಿಯಲ್ಲಿ ಸೀಟು ಬೇರೆ ಕೊಟ್ಟಿರಲ್ಲ, ಅದಕ್ಕೇನು ಹೇಳ್ತೀರಿ?”

ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

“ಯಾವ ಮುದುಕ? ನಾನು ಮಾಡಿದ್ದು ಒಂದೇ ಫೋನು ಕಣೇ.”