ಕುವೈತಿನಿಂದ ಬಂದವಳು

ಅಲೆಯೊಂದು ಬಡಿದು ಮಗು ಚೀರಿದಾಗ ದಿಲ್ರುಕ್ಷಿ ಎರಡೂ ಕೈ ಚಾಚಿ ಓಡಿದಳು.

ಕುವೈತಿನ ಮನೆಗೆಲಸದಿಂದ ಆರು ವರ್ಷದ ಮೇಲೆ ಮರಳಿದ್ದ ಅವಳು, ಮಗಳು ಸಂದುನಿಗೂ ಮಗುವನ್ನು ಅಷ್ಟು ದಿನ ಸಾಕಿದ ಅಕ್ಕ ನಿಲಂತಿಗೂ ಕೊಲಂಬೊ ತೋರಿಸಲು ಬಂದಿದ್ದಳು. ಬೆಳಿಗ್ಗೆ ಗಾಲ್ ಫೇಸ್ ಮೈದಾನದಲ್ಲಿ ಸಿಗಡಿ ವಡೆ ತಿನ್ನುವಾಗ ಮಗು ಮೊದಲ ಸಲ ಅವಳ ಬೆರಳು ಹಿಡಿದಿತ್ತು. ಅದೇ ಧೈರ್ಯದಲ್ಲಿ ಮಧ್ಯಾಹ್ನ ಇಬ್ಬರನ್ನೂ ರೈಲು ಹತ್ತಿಸಿ ಮೌಂಟ್ ಲವಿನಿಯಾದ ಕಡಲಿಗೆ ಕರೆತಂದಿದ್ದಳು.

"ಅಮ್ಮಾ" ಎಂದು ಅಳುತ್ತ ಸಂದುನಿ ಅವಳನ್ನು ದಾಟಿ ಓಡಿ, ಹಿಂದೆ ನಿಂತಿದ್ದ ನಿಲಂತಿಯ ಸೊಂಟ ತಬ್ಬಿಕೊಂಡಳು.

"ನಾನು ದೊಡ್ಡಮ್ಮ ಕಣೇ. ನಿಮ್ಮಮ್ಮ ಅಲ್ಲಿದಾಳೆ ನೋಡು, ಹೋಗು," ಎಂದು ನಿಲಂತಿ ಬಿಡಿಸಿಕೊಳ್ಳಲು ನೋಡಿದಳು. ಮಗು ಇನ್ನೂ ಬಿಗಿಯಾಗಿ ಹಿಡಿಯಿತು.

"ಇರ್ಲಿ ಬಿಡಕ್ಕಾ, ಹೆದರಿದಾಳೆ," ಎಂದಳು ದಿಲ್ರುಕ್ಷಿ. ಚಾಚಿದ್ದ ಕೈಗಳನ್ನು ಏನು ಮಾಡುವುದೆಂದು ತೋಚದೆ, ಬಗ್ಗಿ, ಅಲೆ ಎಳೆದೊಯ್ಯುತ್ತಿದ್ದ ಅಕ್ಕನ ಚಪ್ಪಲಿಗಳನ್ನು ಎತ್ತಿಕೊಂಡಳು.