ಹಾಗಲಕಾಯಿ ರಸ

"ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಕತ್ತೆ, ನನಗೇ ಬುದ್ಧಿ ಹೇಳೋಕೆ ಬಂದ್ಯೇನೋ?" ನೆಂಟರೆಲ್ಲರ ಎದುರು ದೊಡ್ಡಪ್ಪ ಗದರಿದರು.

"ತಂಗಿ ಬೆಳಗಿನಿಂದ ವಾಂತಿ ಮಾಡ್ತಿದಾಳೆ ದೊಡ್ಡಪ್ಪ. ಅವಳ ಮೈಯಲ್ಲಿ ಇನ್ಸುಲಿನ್ ಹುಟ್ಟೋದೇ ಇಲ್ವಂತೆ. ಇಂಜೆಕ್ಷನ್ ಇಟ್ಟಿರೋ ಫ್ರಿಜ್ಜಿನ ಬೀಗದಕೈ ಕೊಡಿ."

"ಸೂಜಿ ಬಿಟ್ರೆ ತಾನಾಗೇ ಹುಟ್ಟುತ್ತೆ!" ಕುಡಿಯುತ್ತಿದ್ದ ಹಾಗಲಕಾಯಿ ರಸದ ಗಾಜಿನ ಲೋಟವನ್ನು ನೆಲಕ್ಕೆ ಅಪ್ಪಳಿಸಿ, ಬರಿಗಾಲಲ್ಲೇ ನನ್ನೆದುರು ಬಂದು ನಿಂತರು. "ನನಗೂ ಶುಗರ್ ಇದೆ. ಹನ್ನೊಂದು ವರ್ಷದಿಂದ ಒಂದು ಮಾತ್ರೆ ನುಂಗಿಲ್ಲ. ಏನಾಗಿದೆಯೋ ನನಗೆ?"

ನಾನು ತಲೆ ತಗ್ಗಿಸಿ ನೆಲ ನೋಡಿದೆ.

"ದೊಡ್ಡಪ್ಪ, ಅಂಗಾಲಿಗೆ ಗಾಜು ಹೊಕ್ಕಿದೆ. ರಕ್ತ ಹರೀತಿದೆ. ನೋವಾಗ್ತಿಲ್ವಾ?"

ಅವರು ಬಗ್ಗಿ ನೋಡಿಕೊಂಡರು. ಸೊಂಟದ ಬೀಗದಕೈ ಬಿಚ್ಚಿ ನನಗೆ ಕೊಟ್ಟು, ಒಂದಿಷ್ಟೂ ಕುಂಟದೆ ನಡೆದುಹೋದರು.