ಷಡಕ್ಷರಿಯವರ ವೆಲ್‌ಕಮ್ ಮ್ಯಾಟು

ಇದನ್ನು ಓದಿ ಮುಗಿಸಿದ ಮೇಲೆ ನೀವು ಒಂದು ಸಲ ಬಗ್ಗಬೇಕಾಗುತ್ತೆ... ಸೊಂಟ ನೋವಿರುವವರು ಈಗಲೇ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ!

ತುಮಕೂರಿನಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಷಡಕ್ಷರಿಯವರಿಗೆ ಒಂದೇ ಒಂದು ಚಟ... ಕವರು.

ಟೀವಿ ರಿಮೋಟಿಗೆ ಕವರು. ಸೋಫಾಗೆ ಕವರು. ಆ ಕವರು ಕೊಳೆಯಾಗಬಾರದೆಂದು ಅದರ ಮೇಲೊಂದು ಟವೆಲ್ಲು. ಮನೆಯವರು ಮಾತ್ರ ನೆಲದ ಮೇಲೆ!

ಹೊಸ ಕಾರು ಬಂತು. ಅದರ ಜೊತೆ ಬಂದ ಮ್ಯಾಟು, ಡ್ರೈವರ್ ಕಾಲಡಿಯ ಕೊಕ್ಕೆಗೆ ಸಿಕ್ಕಿಕೊಂಡು ಅಚ್ಚುಕಟ್ಟಾಗಿ ಕೂತಿತ್ತು.

ಅದು ಸವೆಯಬಾರದಲ್ಲ... ಅದರ ಮೇಲೆ ಮನೆ ಬಾಗಿಲಿನ 'ವೆಲ್‌ಕಮ್' ಮ್ಯಾಟನ್ನು ತಂದು ಹಾಸಿದರು.

ಅವರ ಹೆಂಡತಿ ಸರ್ವಮಂಗಳ ಐವತ್ತರ ಹತ್ತಿರದಲ್ಲಿ ಡ್ರೈವಿಂಗ್ ಕಲಿತರು. ಅದಕ್ಕೊಂದು ಕಾರಣವಿತ್ತು.

ಅವರ ಅಕ್ಕ ದಾಕ್ಷಾಯಿಣಿ ಕಾಲಿನ ಶಕ್ತಿ ಕಳೆದುಕೊಂಡು, ವೀಲ್‌ಚೇರಿನಲ್ಲಿ ತಮ್ಮ ಮನೆಯೊಳಗೇ ಇದ್ದರು. ಚಿಕ್ಕಂದಿನಲ್ಲಿ ಹಿಂದೆ ಹಿಂದೆ ಓಡಿ ತಂಗಿಗೆ ಸೈಕಲ್ ಕಲಿಸಿದ್ದು ಇದೇ ಅಕ್ಕ.

"ನಿನ್ನಿಷ್ಟದ ಅಮಾನಿಕೆರೆಗೆ ನಾನೇ ಕಾರಲ್ಲಿ ಕರ್ಕೊಂಡ್ ಹೋಗ್ತೀನಿ ಅಕ್ಕ... ನೋಡ್ತಿರು!"

ಮಾತು ಕೊಟ್ಟಾಗಿತ್ತು.

ಒಂದು ಬೆಳಗ್ಗೆ ಸರ್ವಮಂಗಳ ಕಾರನ್ನು ಗೇಟಿನೊಳಗೆ ತರುತ್ತಿದ್ದರು... ಕಾರು ನಿಲ್ಲಲೇ ಇಲ್ಲ. ಸೀದಾ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿತು.

"ಅಯ್ಯಯ್ಯೋ... ಕಾರು ನಿಲ್ತಿಲ್ಲ ಕಣ್ರೀ!" ಎಂದು ಕಿರುಚಿದ್ದು ಬೀದಿಗೆಲ್ಲ ಕೇಳಿತು.

ಕಾರಿನಿಂದ ಇಳಿದರು. "ಬ್ರೇಕೇ ಒತ್ತಿದೆ ಕಣ್ರೀ... ಅದು ಕೆಳಗೇ ಹೋಗ್ಲಿಲ್ಲ."

"ಆಕ್ಸಿಲರೇಟರ್ ಒತ್ಬಿಟ್ಟು ಬ್ರೇಕ್ ಅಂತೀಯಾ? ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಂಗೆ?"

ಷಡಕ್ಷರಿಯವರೇ ಹತ್ತಿ ಕೂತರು. ಅಭ್ಯಾಸಬಲದಿಂದ ಮ್ಯಾಟನ್ನು ಕಾಲಲ್ಲೇ ಹಿಂದಕ್ಕೆ ಎಳೆದುಕೊಂಡರು. ಬ್ರೇಕ್ ಒತ್ತಿ ನೋಡಿದರು. ಸರಿಯಾಗೇ ಇತ್ತು!

"ನೋಡು... ಕಾರು ಚೆನ್ನಾಗೇ ಇದೆ. ತಪ್ಪು ನಿಂದೇ."

ಅಲ್ಲಿಗೆ ಮುಗಿಯಲಿಲ್ಲ. ಮಿಮಿಕ್ರಿ ಅಂದರೆ ಅವರಿಗೆ ಪ್ರಾಣ. ಯಾವ ಮದುವೆಗೆ ಹೋದರೂ, ಎಲೆ ಮುಂದೆ ಕೂತು ಹೆಂಡತಿಯ ದನಿಯಲ್ಲಿ ಶುರು...

"ಅಯ್ಯಯ್ಯೋ... ಕಾರು ನಿಲ್ತಿಲ್ಲ ಕಣ್ರೀ!"

ಇಡೀ ಪಂಕ್ತಿ ನಗುತ್ತಿತ್ತು. ಸರ್ವಮಂಗಳ ಕೂಡ ಸೆರಗು ಸರಿ ಮಾಡಿಕೊಳ್ಳುತ್ತಾ ನಗುತ್ತಿದ್ದರು.

ಆದರೆ ಮೊಳೆಗೆ ನೇತುಹಾಕಿದ, ತಮ್ಮ ಪಾಲಿನ ಎರಡನೇ ಕಾರಿನ ಕೀಯನ್ನು ಮತ್ತೆ ಮುಟ್ಟಲಿಲ್ಲ...

ಒಂದು ಸಂಜೆ ಅಕ್ಕನ ಫೋನು. "ಯಾವಾಗ ಬರ್ತೀಯೇ ಮಂಗಳ?"

"ಬೇಡ ಬಿಡಕ್ಕ... ಅವತ್ತು ನಾನೇ ತಪ್ಪು ಒತ್ತಿದ್ನೇನೋ. ನಂಗೀಗ ನನ್ನ ಕಾಲಿನ ಮೇಲೇ ನಂಬಿಕೆ ಇಲ್ಲ."

"ನಂಗೂ ನನ್ನ ಕಾಲಿನ ಮೇಲೆ ಇಲ್ವಲ್ಲೇ... ಒಳ್ಳೆ ಜೋಡಿ ನಾವು!" ಅಕ್ಕ ನಕ್ಕರು. ತಂಗಿಗೆ ನಗು ಬರಲಿಲ್ಲ.

ಮರುದಿನ ಷಡಕ್ಷರಿಯವರು ಒಬ್ಬರೇ ಅಂಗಡಿಗೆ ಹೊರಟಿದ್ದರು. ಮುಂದೆ ಹೋಗುತ್ತಿದ್ದ ಸ್ಕೂಲ್ ಆಟೋ ಗಕ್ಕನೆ ನಿಂತಿತು.

ಬ್ರೇಕ್ ಒತ್ತಿದರು... ಕೆಳಗೆ ಹೋಗಲಿಲ್ಲ!

ಇನ್ನೂ ಜೋರಾಗಿ ತುಳಿದರು... ಇಲ್ಲ!

ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದರು. ಕಾರು ಕಿರ್ರನೆ ಜಾರಿ, ಆಟೋ ಮುಟ್ಟುವುದಕ್ಕೆ ಒಂದು ಗೇಣು ಉಳಿದಿರುವಾಗ ನಿಂತಿತು.

ಆಟೋದ ಹಿಂದೆ ಕೂತಿದ್ದ ಪುಟಾಣಿಗಳಿಗೆ ಏನೂ ಗೊತ್ತಾಗಲಿಲ್ಲ. "ಅಂಕಲ್... ಟಾಟಾ!" ಎಂದು ಕೈ ಬೀಸಿದವು.

ಷಡಕ್ಷರಿಯವರಿಗೆ ಕೈ ಎತ್ತಲಾಗಲಿಲ್ಲ.

ಬಗ್ಗಿ ನೋಡಿದರು. ಜಾರಿ ಮುಂದೆ ಬಂದಿದ್ದ ಮ್ಯಾಟು ಮುದುಡಿಕೊಂಡು ಬ್ರೇಕಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ... ವೆಲ್‌ಕಮ್.

ಯಾರಿಗೆ ವೆಲ್‌ಕಮ್? ಯಮನಿಗಾ?

"ಬ್ರೇಕೇ ಒತ್ತಿದೆ ಕಣ್ರೀ..." ಹೆಂಡತಿಯ ಆ ದನಿ ಕಿವಿಯಲ್ಲಿ ಕೇಳಿತು. ಈ ಸಲ ಅದು ಮಿಮಿಕ್ರಿಯಾಗಿರಲಿಲ್ಲ.

ಮ್ಯಾಟು ಸಿಕ್ಕಿಕೊಂಡಿದ್ದನ್ನು ಯಾರೂ ನೋಡಿರಲಿಲ್ಲ. ಮ್ಯಾಟನ್ನು ಚರಂಡಿಗೆ ಎಸೆದು ಸುಮ್ಮನಾಗಬಹುದಿತ್ತು.

ಅವರು ಅಂಗಡಿಗೆ ಹೋಗಲಿಲ್ಲ. ಕಾರು ತಿರುಗಿಸಿ ಮನೆಗೆ ಬಂದು, ಮ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು ನಡೆದದ್ದೆಲ್ಲ ಹೇಳಿದರು.

"ಮಕ್ಕಳಿಗೇನೂ ಆಗ್ಲಿಲ್ಲ ತಾನೇ?" ಸರ್ವಮಂಗಳ ಕೇಳಿದ ಮೊದಲ ಮಾತು ಅದು.

"ಇಲ್ಲ... ಮಂಗಳಾ, ಅವತ್ತೂ ಹೀಗೇ ಆಗಿರ್ಬೇಕು ಕಣೇ. ಈ ಮ್ಯಾಟು ಹಾಕ್ದೋನು ನಾನು. ಬ್ರೇಕ್ ನೋಡೋ ಮೊದ್ಲು ಅದನ್ನ ಕಾಲಲ್ಲಿ ಹಿಂದಕ್ಕೆ ಎಳೆದೋನೂ ನಾನೇ."

ಆಕೆ ಸ್ಟವ್ ಆಫ್ ಮಾಡಿದರು. ಆಮೇಲೆ ಕಣ್ಣು ತುಂಬಿಕೊಂಡು, ಚಿಕ್ಕ ಹುಡುಗಿಯ ಹಾಗೆ ಕೇಳಿದರು...

"ಹಾಗಾದ್ರೆ... ನಾನು ಬ್ರೇಕೇ ಒತ್ತಿದ್ದೆ, ಅಲ್ವಾ?"

ಷಡಕ್ಷರಿಯವರು ಹೌದೆಂದು ತಲೆಯಾಡಿಸಿ, ಮೊಳೆಯಿಂದ ಆ ಕೀ ತೆಗೆದು ಆಕೆಯ ಅಂಗೈಯಲ್ಲಿಟ್ಟರು.

ಮುಂದಿನ ಭಾನುವಾರ. ಕಾರಿನಲ್ಲಿ ಒಂದೇ ಮ್ಯಾಟು, ಕೊಕ್ಕೆಗೆ ಭದ್ರವಾಗಿ. ಸ್ಟೀರಿಂಗ್ ಹಿಂದೆ ಸರ್ವಮಂಗಳ... ಪಕ್ಕದಲ್ಲಿ ಷಡಕ್ಷರಿಯವರು. ಪ್ರತಿ ಸಿಗ್ನಲ್ಲಿನಲ್ಲೂ ಬಗ್ಗಿ ಮ್ಯಾಟು ನೋಡುವುದೇ ಅವರ ಕೆಲಸ!

ಅಕ್ಕನ ಮನೆ ಬಂತು. ದಾಕ್ಷಾಯಿಣಿ ಹೊಸ ಸೀರೆಯುಟ್ಟು ವೀಲ್‌ಚೇರಿನಲ್ಲಿ ಗೇಟಿನ ಬಳಿಯೇ ಕಾಯುತ್ತಿದ್ದರು. ಸರ್ವಮಂಗಳ ಮೆಲ್ಲಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಷಡಕ್ಷರಿಯವರು ಇನ್ನೂ ಬಗ್ಗಿಕೊಂಡೇ ಇದ್ದರು... ಮ್ಯಾಟು ನೋಡುತ್ತಾ!

ಸರ್ವಮಂಗಳ ಅಕ್ಕನ ಕಡೆ ಕಣ್ಣು ಮಿಟುಕಿಸಿದರು. ಗಂಡ ಮದುವೆ ಮನೆಗಳಲ್ಲಿ ಎಳೆಯುತ್ತಿದ್ದ ಅದೇ ರಾಗದಲ್ಲಿ, ಅದೇ ನಡುಕದಲ್ಲಿ...

"ಅಯ್ಯಯ್ಯೋ... ಕಾರು ನಿಲ್ತಿಲ್ಲ ಕಣ್ರೀ!"

"ಶಿವ ಶಿವಾ!" ಷಡಕ್ಷರಿಯವರು ಧಡಕ್ಕನೆ ಎದ್ದು, ಡ್ಯಾಶ್‌ಬೋರ್ಡಿಗೆ ತಲೆ ಹೊಡೆಸಿಕೊಂಡು, ಹ್ಯಾಂಡ್‌ಬ್ರೇಕನ್ನು ತಬ್ಬಿಕೊಂಡುಬಿಟ್ಟರು!

ಕಣ್ಣು ಬಿಟ್ಟರೆ... ಗೇಟು ಅಲ್ಲೇ ಇದೆ. ಗೇಟಿನ ಪಕ್ಕದ ಮರ ಅಲ್ಲೇ ಇದೆ. ಕೀ ಹೆಂಡತಿಯ ಬೆರಳಲ್ಲಿ ತೂಗಾಡುತ್ತಿದೆ.

"ಹೇಗಿತ್ತು ರೀ ನನ್ನ ಮಿಮಿಕ್ರಿ?"

ಅಕ್ಕ ವೀಲ್‌ಚೇರ್ ಅಲ್ಲಾಡುವ ಹಾಗೆ ನಕ್ಕರು. ಸರ್ವಮಂಗಳ ಸ್ಟೀರಿಂಗಿಗೆ ಹಣೆಯಿಟ್ಟು ನಕ್ಕರು.

ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವರು, ಹಣೆ ಉಜ್ಜಿಕೊಳ್ಳುತ್ತಿದ್ದ ಷಡಕ್ಷರಿಯವರು... ಕಣ್ಣಲ್ಲಿ ನೀರು ಸುರಿಯುವವರೆಗೂ.

ಇನ್ನೊಬ್ಬರ ಕಡೆ ಬೆರಳು ತೋರಿಸುವ ಮೊದಲು, ನಮ್ಮ ಕಾಲಡಿ ಒಮ್ಮೆ ಬಗ್ಗಿ ನೋಡೋಣ.

ನಿಮ್ಮ ಕಾರಿನ ಮ್ಯಾಟು ಕೊಕ್ಕೆಗೆ ಸಿಕ್ಕಿಸಿದೆಯಾ...? ಮತ್ತೆ, ನೀವು ತಮಾಷೆಗೆ ಆಡಿದ ಮಾತಿನಿಂದ ಮನೆಯಲ್ಲಿ ಯಾರಾದರೂ ತಮ್ಮ ಕೀಯನ್ನು ಮೊಳೆಗೆ ನೇತುಹಾಕಿದ್ದಾರಾ?